ಮೌಂಟ್ ವಿಟ್ನಿ ಈಸ್ಟ್ ಬಟ್ರೆಸ್: ಜೂನ್ ಆರಂಭದಲ್ಲಿ ಹೋಗುವವರಿಗೆ ಹಿಮದ ಲೆಕ್ಕ

ಜೂನ್ ಮೊದಲ ವಾರದಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನಿಂದ ತಲೆಯೆತ್ತಿ ನೋಡಿದರೆ ಮೌಂಟ್ ವಿಟ್ನಿಯ ಪೂರ್ವ ಮುಖ ಒಣಗಿ, ಬಿಸಿಲಿಗೆ ಹೊಳೆಯುತ್ತಿರುತ್ತದೆ. ಹತ್ತಲು ಇದೇ ಸಮಯ ಎನಿಸುವುದು ಸಹಜ, ಬಂಡೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಬಂಡೆಯ ಬುಡ ಮುಟ್ಟುವ ಹಾದಿಯೂ ಶಿಖರದಿಂದ ಇಳಿಯುವ ಹಾದಿಯೂ ಆಗಿನ್ನೂ ಚಳಿಗಾಲದಲ್ಲೇ ಇರುತ್ತವೆ. ನಾನು ಮತ್ತು ನನ್ನ ಗೆಳೆಯ ಪೂರ್ವ ಮುಖದ ಬಂಡೆಯ ಏಣಾದ ಈಸ್ಟ್ ಬಟ್ರೆಸ್ ಹತ್ತಿದ್ದು ಅಂಥ ದಿನಗಳಲ್ಲಿ. 5.7 ದರ್ಜೆಯ (ಅಮೆರಿಕದ ಬಂಡೆ ಹತ್ತುವ ಅಳತೆಯಲ್ಲಿ ಹಗ್ಗ ಬೇಕಾಗುವ, ಮಧ್ಯಮ ಕಷ್ಟದ) ಆ ಗ್ರಾನೈಟ್ ಆರೋಹಣ ಸೊಗಸಾದದ್ದು, ಅದರ ವಿವರ ಎಲ್ಲ ಕಡೆಯೂ ಸಿಗುತ್ತದೆ. ಹಾಗಾಗಿ ನಾನು ಹಿಮದ ಬಗ್ಗೆಯೇ ಬರೆಯುತ್ತೇನೆ.

ನಡಿಗೆ ಶುರುವಾಗುವ ವಿಟ್ನಿ ಪೋರ್ಟಲ್ ಸುಮಾರು 2,550 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮುಖ್ಯ ಹಾದಿಯಲ್ಲಿ ಸ್ವಲ್ಪ ದೂರ ನಡೆದು ಲೋನ್ ಪೈನ್ ಹಳ್ಳದ ಉತ್ತರ ಕವಲನ್ನು ಹಿಡಿದು ಏರಬೇಕು. ಬೇಸಿಗೆಯ ನಡುವೆ ಹೋಗುವವರಿಗೆ ಇಲ್ಲಿ ಎಬರ್ಸ್‌ಬಾಕರ್ ಲೆಡ್ಜಸ್ ಎಂಬ ಬಂಡೆಯ ಚಾಚುಗಳೇ ಕಷ್ಟದ ಜಾಗ. ಹಿಮವಿರುವಾಗ ಕಷ್ಟ ಹಳ್ಳದ ಕಡೆಗೆ ಸರಿಯುತ್ತದೆ. ಕೊರಕಲಿನ ತುಂಬ ಹಿಮ ಹಾಸಿಕೊಂಡು ನೇರವಾಗಿ ಮೇಲೆ ಹೋಗುವ ದಾರಿಯಂತೆ ಕಾಣುತ್ತದೆ, ಅದರ ಅಡಿಯಲ್ಲಿ ನೀರು ಹರಿಯುತ್ತಿರುತ್ತದೆ. ನಾವು ಒಂದು ಕಡೆ ನಿಂತು ಕಿವಿಗೊಟ್ಟಾಗ ಕಾಲಡಿಯಿಂದಲೇ ನೀರಿನ ಮೊರೆತ ಕೇಳಿಸಿತು. ಪಕ್ಕದ ಬಂಡೆಯ ಸುತ್ತ ಹಿಮ ಕರಗಿ ಬಾಯಿಬಿಟ್ಟಿತ್ತು. ಅದರೊಳಗೆ ಬಗ್ಗಿ ನೋಡಿದರೆ ಮೇಲಿನ ಹಿಮದ ದಪ್ಪ ಒಂದು ಮೊಳವೂ ಇರಲಿಲ್ಲ, ಅದರ ಕೆಳಗೆ ಆಳವಾಗಿ ಬರೀ ಟೊಳ್ಳು. ನೀರಿನ ಸದ್ದು ಕೇಳಿಸುವ ಕಡೆ, ಹಿಮ ತಗ್ಗಾಗಿ ಕುಸಿದಂತಿರುವ ಕಡೆ ಕಾಲಿಡಬೇಡಿ. ಐಸ್ ಆಕ್ಸ್‌ನ (ಹಿಮದಲ್ಲಿ ಊರಿಕೊಳ್ಳುವ ಕೊಡಲಿಯ) ಹಿಡಿಯನ್ನು ಮುಂದೆ ಚುಚ್ಚಿ ನೋಡಿ. ಅದು ತಡೆಯಿಲ್ಲದೆ ಪೂರ್ತಿ ಇಳಿದರೆ ಹಿಂದೆ ಸರಿಯಿರಿ. ಬಿಸಿಲಿಗೆ ಕಾದ ದೊಡ್ಡ ಬಂಡೆಗಳ ಅಂಚಿಗೂ ಇದೇ ಎಚ್ಚರ ಬೇಕು. ಅಲ್ಲಿ ಸೊಂಟದವರೆಗೆ ಹೂತು ಮೊಣಕಾಲು ತಿರುಚಿಕೊಳ್ಳುವುದು ಬಹಳ ಸುಲಭ.

ಉಳಿದುಕೊಳ್ಳಲು ನಾವು 3,450 ಮೀಟರ್ ಆಸುಪಾಸಿನ ಅಪ್ಪರ್ ಬಾಯ್‌ಸ್ಕೌಟ್ ಸರೋವರವನ್ನು ಆರಿಸಿಕೊಂಡೆವು. ಬಂಡೆಗೆ ಇನ್ನೂ ಹತ್ತಿರವಿರುವ ಐಸ್‌ಬರ್ಗ್ ಸರೋವರ ಸುಮಾರು 3,850 ಮೀಟರ್ ಎತ್ತರದಲ್ಲಿದೆ. ಈ ಕಾಲದಲ್ಲಿ ಅದು ಹೆಪ್ಪುಗಟ್ಟಿರುವುದು ಸಾಮಾನ್ಯ. ಅಲ್ಲಿ ಡೇರೆ ಹಾಕುವುದಾದರೆ ಹಿಮ ಕರಗಿಸಿಯೇ ಕುಡಿಯಬೇಕಾಗಬಹುದು, ಅದಕ್ಕೆ ತಕ್ಕಷ್ಟು ಹೆಚ್ಚಿನ ಇಂಧನ ಹೊರಿ.

ಯಾವಾಗ ಹೊರಡಬೇಕೆಂಬುದನ್ನು ಹಿಂದಿನ ರಾತ್ರಿಯ ಆಕಾಶವೇ ಹೇಳುತ್ತದೆ. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು, ಗಾಳಿಯ ಉಷ್ಣತೆ ಸೊನ್ನೆಗಿಂತ ಚೂರು ಮೇಲಿದ್ದರೂ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಮುಚ್ಚಿದ ರಾತ್ರಿ ಹಾಗಾಗುವುದಿಲ್ಲ, ಬೆಳಗಿನ ಜಾವದಲ್ಲೂ ಹಿಮ ಗಂಜಿಯಂತೆಯೇ ಇರುತ್ತದೆ. ಎದ್ದ ಕೂಡಲೇ ಡೇರೆಯ ಹೊರಗೆ ಬೂಟಿನಿಂದ ಒಮ್ಮೆ ಒದ್ದು ನೋಡಿ. ಗೀರು ಮಾತ್ರ ಬಿದ್ದರೆ ಹೊರಡಿ. ಕಾಲು ಹೂತರೆ ಆ ದಿನ ಆರೋಹಣ ಬೇಡವೆಂದೇ ನನ್ನ ಅಭಿಪ್ರಾಯ. ಈ ಕಣಿವೆ ಪೂರ್ವಕ್ಕೆ ತೆರೆದುಕೊಂಡಿರುವುದರಿಂದ ಸೂರ್ಯ ಹುಟ್ಟಿದ ಗಳಿಗೆಯಿಂದಲೇ ಬಿಸಿಲು ಬಡಿಯುತ್ತದೆ. ನಾವು ಬೆಳಗಿನ ಜಾವ ಮೂರು ಗಂಟೆಗೆ ಹೊರಟು ಬೂಟಿನಡಿಗೆ ಕಟ್ಟುವ ಕ್ರ್ಯಾಂಪಾನ್‌ನ ಲೋಹದ ಹಲ್ಲುಗಳ ಮೇಲೆ ಸರಾಗವಾಗಿ ಏರಿದ ಇಳಿಜಾರಿನಲ್ಲೇ, ಒಂಬತ್ತೂವರೆಯ ಹೊತ್ತಿಗೆ ಇನ್ನೊಂದು ತಂಡ ಪ್ರತಿ ಹೆಜ್ಜೆಗೂ ಮೊಣಕಾಲುದ್ದ ಹೂಳುತ್ತಿದ್ದುದು ಮೇಲಿನಿಂದ ಕಾಣಿಸುತ್ತಿತ್ತು.

ಈಸ್ಟ್ ಬಟ್ರೆಸ್ ಹತ್ತಿದವರು ಸಾಮಾನ್ಯವಾಗಿ ಇಳಿಯುವುದು ಮೌಂಟನಿಯರ್ಸ್ ರೂಟ್‌ನಲ್ಲಿ, 1873ರಲ್ಲಿ ಜಾನ್ ಮ್ಯೂರ್ ಏರಿದ ಹಾದಿಯಲ್ಲಿ. ಐಸ್ ಆಕ್ಸ್ ಮತ್ತು ಕ್ರ್ಯಾಂಪಾನ್‌ಗಳನ್ನು ಬಂಡೆಯ ಬುಡದಲ್ಲಿ ಬಿಟ್ಟು ಹಗುರಾಗಿ ಹತ್ತುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಅವು ಅತ್ಯಗತ್ಯವಾಗುವುದು ಶಿಖರ ದಾಟಿದ ಮೇಲೆ. ಇಬ್ಬರ ಉಪಕರಣವನ್ನೂ ಬೆನ್ನ ಮೇಲೆ ಹೊತ್ತೇ ಹತ್ತಬೇಕು. ಭಾರ ಇಳಿಸಲು ನಾವು ಅಪ್ರೋಚ್ ಶೂಗೆ (ಬಂಡೆಯ ಬುಡದವರೆಗೆ ನಡೆಯುವ ಹಗುರ ಬೂಟಿಗೆ) ಪಟ್ಟಿಯಿಂದ ಕಟ್ಟುವ ಅಲ್ಯೂಮಿನಿಯಂ ಕ್ರ್ಯಾಂಪಾನ್ ಒಯ್ದಿದ್ದೆವು. ಗಟ್ಟಿ ಹಿಮಕ್ಕೆ ಅದು ಸಾಕು, ನೀಲಿ ಬಣ್ಣದ ಗಡಸು ಮಂಜುಗಡ್ಡೆಗೆ ಸಾಲದು. ಚಿಕ್ಕ ಹಲ್ಲುಗಳ ಮೈಕ್ರೋಸ್ಪೈಕ್ ನಂಬಿಕೊಂಡು ಈ ಹಾದಿಗೆ ಬರಬೇಡಿ.

ಶಿಖರದಲ್ಲಿ 1909ರಲ್ಲಿ ಕಟ್ಟಿದ ಕಲ್ಲಿನ ಮನೆಯಿದೆ. ಅದರ ವಾಯವ್ಯಕ್ಕೆ ನಡೆದರೆ ಇಳಿಯುವ ಕೊರಕಲು ಸಿಗುತ್ತದೆ. ಅಲ್ಲಿಂದ ನಾಚ್ ಎಂಬ ಸಂದಿಯವರೆಗಿನ ಸುಮಾರು 120 ಮೀಟರ್ ಇಳಿಜಾರೇ ಇಡೀ ಪ್ರವಾಸದ ಅತ್ಯಂತ ಅಪಾಯದ ಭಾಗ. ಉತ್ತರದ ಕಡೆಗಿರುವುದರಿಂದ ಅಲ್ಲಿ ಬಿಸಿಲು ಕಡಿಮೆ. ಹಗಲು ಕರಗಿದ್ದು ಮತ್ತೆ ಮತ್ತೆ ಹೆಪ್ಪುಗಟ್ಟಿ ಗಾಜಿನಷ್ಟು ಗಡಸಾಗಿರುತ್ತದೆ. ಜಾರಿದವರು ಜೀವ ಕಳೆದುಕೊಂಡಿರುವ ಜಾಗವಿದು. ಬಂಡೆ ಹತ್ತಿ ಮುಗಿದ ಸಂತೋಷದಲ್ಲಿ ಹಗ್ಗವನ್ನು ಸುತ್ತಿ ಒಳಗಿಡಬೇಡಿ. ನಾವು ಬಂಡೆಗಳಿಗೆ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಸುತ್ತಿ, ಒಬ್ಬರಿಗೊಬ್ಬರು ಹಗ್ಗ ಹಿಡಿದು, ಇಳಿಜಾರಿಗೆ ಮುಖಮಾಡಿಕೊಂಡೇ ಇಳಿದೆವು. ಒಂದೂವರೆ ಗಂಟೆ ಹಿಡಿಯಿತು. ಆ ಸಮಯವನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಂಡಿದ್ದರಿಂದ ಅವಸರ ಪಡಬೇಕಾಗಲಿಲ್ಲ. ನಾಚ್‌ನಿಂದ ಐಸ್‌ಬರ್ಗ್ ಸರೋವರಕ್ಕೆ ಇಳಿಯುವ ಕೊರಕಲಿನಲ್ಲಿ ಹಿಮ ಮೆದುವಾಗಿದ್ದರೆ ಕುಳಿತು ಜಾರಬಹುದು, ಆದರೆ ಮೊದಲು ಕ್ರ್ಯಾಂಪಾನ್ ಬಿಚ್ಚಿ. ಒಂದು ಹಲ್ಲು ಸಿಕ್ಕಿಕೊಂಡರೂ ಕಣಕಾಲು ಮುರಿಯುತ್ತದೆ.

ಹೋಗುವ ತಿಂಗಳನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಏಪ್ರಿಲ್ 1ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಹಿಮಸಂಗ್ರಹ 2015ರಲ್ಲಿ ಸರಾಸರಿಯ ಶೇ. 5ರಷ್ಟಿತ್ತು, 2023ರಲ್ಲಿ ಶೇ. 237ರಷ್ಟಿತ್ತು. 2023ರಲ್ಲಿ ಇದೇ ಪರ್ವತಶ್ರೇಣಿಯನ್ನು ದಾಟುವ ಟಿಯೋಗಾ ಪಾಸ್ ರಸ್ತೆ ತೆರೆದದ್ದೇ ಜುಲೈ 22ರಂದು. ರಾಜ್ಯದ ಜಲಸಂಪನ್ಮೂಲ ಇಲಾಖೆಯ ಹಿಮಮಾಪಕಗಳ ದತ್ತಾಂಶ, ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಎರಡೂ ಉಚಿತವಾಗಿ ಸಿಗುತ್ತವೆ. ಚಿತ್ರ ನೋಡುವಾಗ ಪೂರ್ವ ಮುಖ ಬಿಟ್ಟು ಉತ್ತರದ ಕೊರಕಲುಗಳನ್ನು ಗಮನಿಸಿ.

ವಿಟ್ನಿ ವಲಯಕ್ಕೆ ಪರವಾನಗಿ ಬೇಕೇ ಬೇಕು. ಮೇ 1ರಿಂದ ನವೆಂಬರ್ 1ರವರೆಗೆ ಸಂಖ್ಯೆಯ ಮಿತಿಯಿದೆ, ಬೇಗ ಕಾಯ್ದಿರಿಸಿ. ಮಲವನ್ನು ಚೀಲದಲ್ಲಿ ಕಟ್ಟಿ ಕೆಳಗೆ ತರುವುದು ಕಡ್ಡಾಯ. ಉತ್ತರದ ಕೊರಕಲು ಕಂಡು ಧೈರ್ಯ ಸಾಲದಿದ್ದರೆ ಮುಖ್ಯ ಹಾದಿಯಲ್ಲಿ ಇಳಿಯಬಹುದು. ಅದು ಸುಮಾರು 17 ಕಿಲೋಮೀಟರ್ ದೂರ, ಅದರ ಕೇಬಲ್ ಕಟ್ಟಿದ ಭಾಗದಲ್ಲೂ ಜೂನ್‌ನಲ್ಲಿ ಮಂಜುಗಡ್ಡೆ ಇರಬಹುದು. ಡೇರೆ ಉತ್ತರ ಕವಲಿನಲ್ಲೇ ಉಳಿದಿದ್ದರೆ ಅದನ್ನು ತರಲು ಪೋರ್ಟಲ್‌ನಿಂದ ಮತ್ತೊಮ್ಮೆ ಏರಬೇಕಾಗುತ್ತದೆ.