ಕೆಂಪು ಯಾವ ಕಡೆ?

ಕಳೆದ ಶನಿವಾರ ಪಕ್ಕದ ಮನೆಯವನ ಬೋಟಲ್ಲಿ ಗ್ಲಾಸ್ಟರ್‌ಗೆ ಹೋಗಿದ್ದೆವು. ಬಾಸ್ಟನ್‌ನಿಂದ ಉತ್ತರಕ್ಕೆ ಇರುವ ಬಂದರು. 1623ರಲ್ಲಿ ಇಂಗ್ಲಿಷರು ಮೀನು ಹಿಡಿಯಲು ಬಂದು ಇಳಿದ ಜಾಗ, ಇವತ್ತಿಗೂ ಅಲ್ಲಿ ಮೀನಿನದೇ ಕೆಲಸ.

ಬಂದರಿನ ಬಾಯಿಯಲ್ಲಿ ಬಲಗಡೆ ಈಸ್ಟರ್ನ್ ಪಾಯಿಂಟ್ ದೀಪಸ್ತಂಭ, ಅಲ್ಲಿಂದ ನೀರಿಗೆ ಚಾಚಿಕೊಂಡ ಡಾಗ್ ಬಾರ್ ಬ್ರೇಕ್‌ವಾಟರ್. ಅಲೆ ತಡೆಯಲು ಕಟ್ಟಿದ 2,250 ಅಡಿ ಉದ್ದದ ಗ್ರಾನೈಟ್ ಗೋಡೆ, ಅದರ ಮೇಲೆ ಜನ ಗಾಳ ಹಾಕಿ ಕೂತಿದ್ದರು. ಬೋಟಿಗೆ ದಾರಿ ತೋರಿಸಲು ನೀರಲ್ಲಿ ತೇಲುವ ಕೆಂಪು, ಹಸಿರು ಗುರುತುಗಳಿಗೆ ಬೋಯ್ ಅನ್ನುತ್ತಾರೆ. ಚುಕ್ಕಾಣಿ ನನ್ನ ಕೈಗೆ ಕೊಟ್ಟು ಪಕ್ಕದ ಮನೆಯವನು ಕೇಳಿದ, "ಒಳಗೆ ಹೋಗುವಾಗ ಕೆಂಪು ಬೋಯ್ ಯಾವ ಕಡೆ ಇರಬೇಕು?"

"ಎಡಕ್ಕೆ" ಅಂದೆ. ಯೋಚನೆಯೇ ಮಾಡಲಿಲ್ಲ.

ಅವನು ಜೋರಾಗಿ ನಕ್ಕ. ಅಮೆರಿಕದಲ್ಲಿ ಸಮುದ್ರದಿಂದ ವಾಪಸ್ ಬರುವಾಗ ಕೆಂಪು ಬಲಕ್ಕೆ. ನಮ್ಮ ಕಡೆ ಎಡಕ್ಕೆ. ಬೋಯ್‌ಗಳ ವಿಷಯದಲ್ಲಿ ಪ್ರಪಂಚವೇ ಎರಡು ಪಾಲಾಗಿದೆ, ಉತ್ತರ, ದಕ್ಷಿಣ ಅಮೆರಿಕ ಖಂಡಗಳು, ಜಪಾನ್, ದಕ್ಷಿಣ ಕೊರಿಯಾ, ಫಿಲಿಪೀನ್ಸ್ ಒಂದು ಲೆಕ್ಕ, ಉಳಿದವರೆಲ್ಲ ಹೆಚ್ಚುಕಮ್ಮಿ ನಮ್ಮ ಲೆಕ್ಕ.

"ಎಡಕ್ಕೆ ಅಂತ ನಿನಗೆ ಹೇಳಿಕೊಟ್ಟದ್ದು ಯಾರು?"

"ನನ್ನ ಮಾವ. ಮಲ್ಪೆಯಲ್ಲಿ ತಾಂಡೇಲ, ಬೋಟ್ ನಡೆಸುವವರು."

ಅವನ ನಗು ನಿಂತಿತು. "ನಾಲ್ಕು ವರ್ಷದಿಂದ ಬೇಲಿಯ ಆಚೆ ಈಚೆ ಇದ್ದೇವೆ. ಮೀನುಗಾರರ ಮನೆಯವನು ಅಂತ ಒಂದು ಸಲವೂ ಹೇಳಲಿಲ್ಲವಲ್ಲ?"

ಸುಮ್ನೆ ಕೇಳಿದ್ದು, ಚುಚ್ಚಲು ಅಲ್ಲ. ನಾನು ಏನೂ ಹೇಳದೆ ಲಾಬ್‌ಸ್ಟರ್ ಬೋಯ್‌ಗಳನ್ನು ತಪ್ಪಿಸುವುದರಲ್ಲಿ ಮುಳುಗಿದವನ ಹಾಗೆ ನಟಿಸಿದೆ. ಅದು ಪೂರ್ತಿ ನಟನೆಯೂ ಅಲ್ಲ. ನೀರ ತುಂಬ ಲಾಬ್‌ಸ್ಟರ್ ಹಿಡಿಯುವ ಬೋನುಗಳಿಗೆ ಹಗ್ಗದಲ್ಲಿ ಕಟ್ಟಿದ ಬಣ್ಣಬಣ್ಣದ ಬೋಯ್‌ಗಳು, ಒಬ್ಬೊಬ್ಬ ಮೀನುಗಾರರಿಗೂ ಅವರದೇ ಬಣ್ಣ. ಅದರ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ನಮ್ಮ ಬೋಟೂ ಹಾಳು, ಅವರ ಬೋನೂ ಹೋಯಿತು. ಟೆನ್ ಪೌಂಡ್ ದ್ವೀಪ ದಾಟಿದ ಮೇಲಂತೂ ಅಲೆ ಏಳದ ಹಾಗೆ ನಿಧಾನಕ್ಕೆ ಹೋಗಬೇಕು. ಟ್ರಾಲ್ ಬೋಟ್ ಬಂದರೆ ನಾವು ಬದಿಗೆ. ಎಲ್ಲಿ ಕಟ್ಟುವುದು ಅಂತ ರೇಡಿಯೋದಲ್ಲಿ ಬಂದರಿನ ಕಚೇರಿಗೆ ಕೇಳಬೇಕು, ಜಾಗ ಖಾಲಿ ಕಂಡಿತು ಅಂತ ಮೀನು ಇಳಿಸುವ ದಕ್ಕೆಗೆ ಹಗ್ಗ ಎಸೆದರೆ ಬೈಗುಳ ಖಂಡಿತ. ನ್ಯಾಯವೇ ಅಲ್ವಾ? ನಾವು ಐಸ್‌ಕ್ರೀಮ್ ತಿನ್ನಲು ಬಂದವರು.

ದಕ್ಕೆಯ ಹತ್ತಿರ ಆ ವಾಸನೆ ಬಂತು. ಡೀಸೆಲ್, ಐಸ್, ಹಳೆಯ ಬಲೆ, ಮೀನು. ಕಣ್ಣು ಮುಚ್ಚಿದ್ದರೆ ಮಲ್ಪೆ ಅನ್ನಬಹುದಿತ್ತು.

ಇದೇ ವಾಸನೆಗೆ ಹೆದರಿ ನಾನು ಉಡುಪಿಯ ಕಾಲೇಜಿಗೆ ಹೋಗುವಾಗ ಅಂಗಿಗೆ ಪೌಡರ್ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಬಸ್ಸಲ್ಲಿ ಪಕ್ಕ ಕೂತಿದ್ದ ಹೆಂಗಸು ಸೆರಗು ಮೂಗಿಗೆ ಇಟ್ಟುಕೊಂಡು ಎದ್ದು ಬೇರೆ ಸೀಟಿಗೆ ಹೋದರು. ಖಾಲಿಯಾದ ಆ ಸೀಟಿನ ಹಸಿರು ರೆಕ್ಸಿನ್, ಅದರ ಮೇಲಿದ್ದ ಬ್ಲೇಡಿನ ಗೀರು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಂಗಳೂರಿನ ಹಾಸ್ಟೆಲಲ್ಲಿ ಮನೆಯವರ ಕೆಲಸ ಕೇಳಿದರೆ "ಬಿಸಿನೆಸ್" ಅಂದುಬಿಡುತ್ತಿದ್ದೆ. ಇಲ್ಲಿ ಯಾರೂ ಮೂಗು ಮುಚ್ಚುವವರಿರಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಅಭ್ಯಾಸ.

ಗ್ಲಾಸ್ಟರಿನವರು ನೋಡಿದರೆ ಊರ ಮುಂದಿನ ರಸ್ತೆಯಲ್ಲೇ ಚುಕ್ಕಾಣಿ ಹಿಡಿದ ಮೀನುಗಾರನ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ, 1925ರಲ್ಲೇ. ಸುತ್ತ ಸಮುದ್ರದಲ್ಲಿ ತೀರಿಹೋದವರ ಹೆಸರುಗಳು, 5,368. ನಮ್ಮಲ್ಲಿ ಮೀನು ಲಾರಿ ಮುಂದೆ ಬಂದರೆ ಕಾರಿನ ಗಾಜು ಏರಿಸುತ್ತೇವೆ, ರಾತ್ರಿ ಊಟಕ್ಕೆ ಮಾತ್ರ ಅಂಜಲ್ ಫ್ರೈ ಬೇಕು.

ಮನೆಗೆ ಬಂದವನೇ ಮಾವನಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ. ಮಳೆಗಾಲದ 61 ದಿನದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ಮಾವ ಬಲೆ ಸರಿಮಾಡುತ್ತಾ ಕೂತಿದ್ದರು. ಕೆಂಪು ಬಲಕ್ಕೆ ಅನ್ನುವುದನ್ನು ಅವರಿಗೆ ನಂಬಿಸಲು ಐದು ನಿಮಿಷ ಬೇಕಾಯಿತು.

"ಹಾಗಾದ್ರೆ ಹಸಿರು ಎಡಕ್ಕಾ?"

"ಹೌದು ಮಾವ."

"ಎಂತ ಅವಸ್ಥೆ ಮಾರಾಯ. ಇರಲಿ, ಅಲ್ಲಿ ಬೋಟಿಗೆ ಡೀಸೆಲ್ ಲೀಟರಿಗೆ ಎಷ್ಟು?"

ಕೇಳಿಕೊಂಡು ಬಂದಿರಲಿಲ್ಲ.

"ಮತ್ತೆ ಎಂತ ನೋಡಿದ್ದು ನೀನು?" ಅಂದರು.