ಆವಿಯಾಯಿತೆಂದುಕೊಂಡ ನೀರು

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಮೀನಿನ ತೊಟ್ಟಿಯ ನೀರು ಇಳಿದರೆ ಯಾರೂ ಸೋರಿಕೆಯನ್ನು ಶಂಕಿಸುವುದಿಲ್ಲ, ಬಿಸಿಲು ಕುಡಿಯಿತೆಂದು ಸುಮ್ಮನಾಗುತ್ತಾರೆ. ನಾನೂ ಮೂರು ವಾರ ಹಾಗೆಯೇ ಸುಮ್ಮನಿದ್ದೆ. ನೀರನ್ನು ತಂಪಾಗಿಡಲು ತೊಟ್ಟಿಯ ಮೇಲೊಂದು ಚಿಕ್ಕ ಫ್ಯಾನ್ ಕಟ್ಟಿದ್ದೆನಾದ್ದರಿಂದ, ಅದು ತಂಪು ಮಾಡುವುದೇ ನೀರನ್ನು ಆವಿಯಾಗಿಸಿ ಎಂಬ ಸಮಾಧಾನವೂ ಜೊತೆಗಿತ್ತು.

ನಮ್ಮ ತೊಟ್ಟಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ್ದು. ಅದರ ಕೆಳಗಿನ ಕಪಾಟಿನಲ್ಲಿ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಸಂಪ್ ಇದೆ. (ಸಂಪ್ ಎಂದೊಡನೆ ನಮ್ಮೂರಿನವರಿಗೆ ಮನೆಯ ಮುಂದಿನ ನೆಲದೊಳಗಿನ ತೊಟ್ಟಿ ನೆನಪಾಗುತ್ತದೆ, ಇದು ಫಿಲ್ಟರ್ ಮತ್ತು ಪಂಪು ಕೂರುವ ಗಾಜಿನ ಪೆಟ್ಟಿಗೆ.) ಮೇಲಿನ ತೊಟ್ಟಿಯ ಮೂಲೆಯಲ್ಲಿ ಗೋಡೆ ಕಟ್ಟಿ ಬೇರ್ಪಡಿಸಿದ ಗೂಡಿನಿಂದ ನೀರು ತುಳುಕಿ ಸಂಪಿಗೆ ಇಳಿದು, ಪಂಪು ಅದನ್ನು ಮತ್ತೆ ಮೇಲಕ್ಕೆತ್ತುವುದರಿಂದ ಮೇಲಿನ ಮಟ್ಟ ಬದಲಾಗುವುದೇ ಇಲ್ಲ, ಆವಿಯಾದದ್ದೂ ಸೋರಿದ್ದೂ ಸಂಪಿನಲ್ಲಿ ಮಾತ್ರ ಕಾಣುತ್ತದೆ. ಅಲ್ಲಿ ಒಂದು ಸೆಂ.ಮೀ. ಇಳಿದರೆ 2.7 ಲೀಟರ್ ಹೋಯಿತೆಂದು ಅರ್ಥ. ನನ್ನಲ್ಲಿ ದಿನಕ್ಕೆ ಒಂದೂವರೆ ಸೆಂ.ಮೀ. ಇಳಿಯುತ್ತಿತ್ತು.

ಕಪಾಟಿನ ತಳದ ಪ್ಲೈವುಡ್ಡಿನ ಅಂಚು ಉಬ್ಬಿದ್ದನ್ನು ಕಂಡ ಮೇಲೆಯೇ ಅನುಮಾನ ಬಂದದ್ದು. ಕೈಯಾಡಿಸಿದರೆ ಎಲ್ಲಿಯೂ ಹನಿಯಿಲ್ಲ, ಏಕೆಂದರೆ ಈ ಒಣ ಸೆಕೆಯಲ್ಲಿ ಜಿನುಗಿದ ನೀರು ಹನಿಯಾಗುವ ಮೊದಲೇ ಬಹುಪಾಲು ಆರಿಹೋಗುತ್ತಿತ್ತು. ಆದರೆ ನಾನು ತೊಟ್ಟಿಗೆ ಹಾಕುವುದು ಬೋರ್‌ವೆಲ್ಲಿನ ಗಡಸು ನೀರು. ಅದು ಆರಿದ ಕಡೆ ಸುಣ್ಣದ ಬಿಳಿ ಹೆಪ್ಪು ಉಳಿಸಿಯೇ ಹೋಗುತ್ತದೆ. ಸ್ಟೀಲ್ ನಲ್ಲಿಗಳನ್ನು ಹಾಳು ಮಾಡುವುದಕ್ಕಾಗಿ ನಾವು ನಿತ್ಯ ಬೈಯುವ ಅದೇ ಸುಣ್ಣ ಇಲ್ಲಿ ಪತ್ತೇದಾರನಾಯಿತು. ಟಾರ್ಚ್ ಹಿಡಿದು ನೋಡಿದಾಗ ಎರಡು ಕಡೆ ಬಿಳಿ ಗೆರೆಗಳು ಕಂಡವು: ಪಂಪಿನಿಂದ ನೀರು ಮೇಲೇರುವ ಪೈಪಿನ ಎಲ್ಬೋದಲ್ಲಿ, ಅಂದರೆ ತಿರುವಿನ ತುಂಡಿನಲ್ಲಿ, ಒಂದು, ಗೂಡಿನ ತಳದ ಗಾಜಿಗೆ ಕೊರೆದ ತೂತಿನಲ್ಲಿ ಕೂರಿಸಿದ ಟ್ಯಾಂಕ್ ನಿಪ್ಪಲ್ಲಿನ (ಕೆಳಗಿಳಿಯುವ ಪೈಪನ್ನು ಗಾಜಿಗೆ ಜೋಡಿಸುವ, ತಲೆಯೂ ನಟ್ಟೂ ಇರುವ ತುಂಡು) ಕೆಳಗೆ ಇನ್ನೊಂದು. ಎರಡಕ್ಕೂ ಟಿಶ್ಯೂ ಕಾಗದ ಸುತ್ತಿ ಪಂಪು ನಿಲ್ಲಿಸಿದೆ. ಒಂದು ಗಂಟೆಯ ನಂತರ ಹೊಸ ಕಾಗದ ಸುತ್ತಿ ನೋಡಿದರೆ ಎಲ್ಬೋದ್ದು ಒಣಗಿಯೇ ಇತ್ತು, ನಿಪ್ಪಲ್ಲಿನದು ಒದ್ದೆಯಾಗಿತ್ತು. ಅಂದರೆ ಮೊದಲನೆಯದು ಒತ್ತಡವಿದ್ದಾಗ ಮಾತ್ರ ಸೋರುವಂಥದ್ದು. ಎರಡನೆಯದಕ್ಕೆ ಗೂಡಿನಲ್ಲಿ ನಿಂತ ನೀರೇ ಸಾಕು.

ಪರಿಚಯದ ಪ್ಲಂಬರ್ ಬಂದು ನೋಡಿ, "ಇನ್ನೊಂದು ಸುತ್ತು ಬಿಗಿ ಮಾಡಿದ್ರೆ ನಿಂತು ಹೋಗ್ತೈತಿ ಸಾರ್" ಎಂದರು. ಸಿಂಟೆಕ್ಸ್ ಟ್ಯಾಂಕಿಗಾದರೆ ಅದು ಸರಿಯಾದ ಮಾತೇ. ಆದರೆ ತೂತು ಕೊರೆದ ಗಾಜಿಗೆ ಪಾನಾ ಹಾಕಿ ತಿರುಗಿಸಿದರೆ ಬಿರುಕು ಬಿಡಲು ಅರೆಕ್ಷಣ ಸಾಕು. ಗೂಡಿನ ನೀರನ್ನಷ್ಟೇ ತೆಗೆದು ನಿಪ್ಪಲ್ ಬಿಚ್ಚಿದೆ. ಗೂಡಿನ ಗೋಡೆ ಗಟ್ಟಿಯಿದ್ದುದರಿಂದ ಮೀನುಗಳನ್ನು ಕದಲಿಸಬೇಕಾಗಲಿಲ್ಲ. ತಪ್ಪು ಆಗಲೇ ಕಂಡಿತು. ರಬ್ಬರ್ ವಾಷರ್ ಹೊರಗಡೆ, ನಟ್ಟಿನ ಬದಿಯಲ್ಲಿತ್ತು. ಹಾಗಿದ್ದಾಗ ನೀರು ಗಾಜಿಗೂ ನಿಪ್ಪಲ್ಲಿನ ತಲೆಗೂ ನಡುವೆ ನುಸುಳಿ, ನಿಪ್ಪಲ್ಲಿನ ತಿರುಪಿನ ಸುರುಳಿಯ ಗುಂಟ ಮೆಲ್ಲನೆ ಕೆಳಗಿಳಿಯುತ್ತದೆ. ನಟ್ಟನ್ನು ಎಷ್ಟು ಬಿಗಿದರೂ ಆ ದಾರಿ ಮುಚ್ಚುವುದಿಲ್ಲ. ವಾಷರ್ ಇರಬೇಕಾದದ್ದು ನೀರಿನ ಬದಿಯಲ್ಲಿ, ತಲೆಯ ಕೆಳಗೆ. ಅದನ್ನು ಕೂರಿಸಿದ್ದು ನಾನೇ, ಎರಡು ವರ್ಷದ ಹಿಂದೆ, ಆದ್ದರಿಂದ ಪ್ಲಂಬರಿಗೆ ಏನೂ ಹೇಳಲಾಗಲಿಲ್ಲ.

ಗಾಜಿನ ಮೇಲಿನ ಸುಣ್ಣವನ್ನು ವಿನೆಗರ್‌ನಿಂದ ಕರಗಿಸಿ, ತೊಳೆದು ಒರೆಸಿ, ಹೊಸ ವಾಷರನ್ನು ಸರಿಯಾದ ಬದಿಗೆ ಹಾಕಿ, ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಮೇಲೆ ಕಾಲು ಸುತ್ತು ಮಾತ್ರ ಕೊಟ್ಟೆ. ಸಿಲಿಕೋನ್ ಬಳಿಯಲಿಲ್ಲ, ಒಳ್ಳೆಯ ವಾಷರಿಗೆ ಅದು ಬೇಕಿಲ್ಲ, ಮೇಲಾಗಿ ಮುಂದೆ ಬಿಚ್ಚುವಾಗ ಪೀಡೆ.

ಎಲ್ಬೋದ ಕಥೆ ಬೇರೆ. ಸಾಲ್ವೆಂಟಿನಿಂದ ಅಂಟಿಸಿದ ಜೋಡಣೆ ಸೋರಿದರೆ ಮೇಲೆ ಎಪಾಕ್ಸಿ ಮೆತ್ತುವುದು ಹೆಚ್ಚು ದಿನ ನಿಲ್ಲುವುದಿಲ್ಲ, ಕತ್ತರಿಸಿ ಹೊಸದು ಹಾಕುವುದೇ ಸರಿ. ಹ್ಯಾಕ್ಸಾದಿಂದ ಕತ್ತರಿಸಿ, ಈ ಸಲ ನಡುವೆ ಒಂದು ಯೂನಿಯನ್, ಅಂದರೆ ಕತ್ತರಿಸದೆ ಬಿಚ್ಚಬಹುದಾದ ಜೋಡಣೆ, ಸೇರಿಸಿದೆ. ನಮ್ಮ ಬೇಸಿಗೆಯಲ್ಲಿ ಸಾಲ್ವೆಂಟ್ ಹಚ್ಚಿದ ಕೆಲವೇ ಕ್ಷಣದಲ್ಲಿ ಆರುತ್ತದೆ, ಮಧ್ಯಾಹ್ನ ಅಂಟಿಸಿದ ಹಳೆಯ ಜೋಡಣೆ ಕೆಟ್ಟದ್ದೂ ಅದಕ್ಕೇ ಇರಬೇಕು. ಹಾಗಾಗಿ ಬೆಳಗ್ಗೆ ಆರಕ್ಕೆ ಎದ್ದು, ಪೈಪಿನ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ, ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಅರ್ಧ ನಿಮಿಷ ಅದುಮಿ ಹಿಡಿದೆ.

ಇಪ್ಪತ್ನಾಲ್ಕು ಗಂಟೆ ಪಂಪು ಹಾಕಲಿಲ್ಲ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ತೊಟ್ಟಿಗೊಂದು, ಸಂಪಿಗೊಂದು ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಇಟ್ಟೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕಲ್ಲವೇ. ಮೀನುಗಳು ಮೋಲಿಗಳು, ಗಡಸು ನೀರಿಗೆ ಒಗ್ಗಿದವು, ಒಂದೂ ಬಳಲಲಿಲ್ಲ.

ಈಗ ಸಂಪಿನಲ್ಲಿ ದಿನಕ್ಕೆ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಇಳಿಯುತ್ತಿದೆ. ಅಷ್ಟು ಫ್ಯಾನಿನ ಲೆಕ್ಕ. ನಿಪ್ಪಲ್ಲಿಗೆ ಸುತ್ತಿದ ಟಿಶ್ಯೂವನ್ನು ಇನ್ನೂ ತೆಗೆದಿಲ್ಲ. ಹದಿನೈದು ದಿನವಾದರೂ ಒಣಗಿಯೇ ಇದೆ.