ಕನ್ನಂಬಾಡಿಯ ನೀರಿನ ಮಟ್ಟಕ್ಕೊಂದು ವಿಜೆಟ್
ಮಂಡ್ಯದ ಬಳಿಯ ನಮ್ಮ ಗದ್ದೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರೇ ಆಧಾರವಾದ್ದರಿಂದ, ಮಳೆಗಾಲ ಬಂತೆಂದರೆ ಕನ್ನಂಬಾಡಿ ಕಟ್ಟೆಯ ಮಟ್ಟವೇ ಅಪ್ಪನಿಗೆ ದಿನದ ಮೊದಲ ಸುದ್ದಿ. ಕಟ್ಟೆ ತುಂಬುವುದು 124.80 ಅಡಿಗೆ. ಇವತ್ತು ಎಷ್ಟಿದೆ ಎಂಬುದು ಫೋನ್ ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಕಾಣುವಂತೆ ಒಂದು ಪುಟ್ಟ ವಿಜೆಟ್ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಆಂಡ್ರಾಯ್ಡ್ ಆ್ಯಪ್ ಬರೆಯುವುದೇ ನನ್ನ ಉದ್ಯೋಗ. ಶನಿವಾರ ಮಧ್ಯಾಹ್ನದೊಳಗೆ ಮುಗಿದೀತು ಎಂದುಕೊಂಡೆ.

ವಿಜೆಟ್‌ಗಳಿಗೆಂದೇ ಇರುವ ಗ್ಲಾನ್ಸ್ ಎಂಬ ಫ್ರೇಮ್‌ವರ್ಕ್ ನನಗೆ ಹೊಸದು. ಆ್ಯಪ್‌ನ ಪರದೆ ಕಟ್ಟಲು ನಾನು ದಿನವೂ ಬಳಸುವ ಕಂಪೋಸ್‌ನಂತೆ ಅದರಲ್ಲೂ ಟೆಕ್ಸ್ಟ್, ರೋ, ಕಾಲಮ್ ಎಂಬ ಘಟಕಗಳಿವೆ. ತೊಡಕು ಹುಟ್ಟಿದ್ದೇ ಆ ಹೆಸರುಗಳಿಂದ. ಎಡಿಟರ್ ಸೂಚಿಸಿದ ಮೊದಲ ಟೆಕ್ಸ್ಟನ್ನೇ ಇಂಪೋರ್ಟ್ ಮಾಡಿಕೊಂಡಿದ್ದೆ, ಅದು ಕಂಪೋಸ್‌ನದ್ದು. ಬಿಲ್ಡ್ ಆಯಿತು, ಕೆಂಪು ಗೆರೆ ಒಂದೂ ಇರಲಿಲ್ಲ, ಆದರೆ ನೀರಿನ ಮಟ್ಟ ಇರಬೇಕಾದ ಜಾಗದಲ್ಲಿ ದೋಷ ತಿಳಿಸುವ ಬರಿಯ ಚೌಕವೊಂದು ಕೂತಿತ್ತು. ವಿಜೆಟನ್ನು ಪರದೆಯ ಮೇಲೆ ಬಿಡಿಸುವುದು ನನ್ನ ಆ್ಯಪ್ ಅಲ್ಲ, ಬೇರೆಯೇ ಪ್ರಕ್ರಿಯೆಯಲ್ಲಿ ಓಡುವ, ಫೋನಿನ ಮುಖಪರದೆ ತೋರಿಸುವ ಲಾಂಚರ್; ಗ್ಲಾನ್ಸ್ ತನ್ನ ಘಟಕಗಳಲ್ಲಿ ನಾನು ಬರೆದದ್ದನ್ನಷ್ಟೇ ರಿಮೋಟ್‌ವ್ಯೂಸ್ ಆಗಿ, ಅಂದರೆ ಬೇರೆ ಪ್ರಕ್ರಿಯೆಯೂ ಬಿಡಿಸಬಲ್ಲ ರೂಪಕ್ಕೆ, ಮಾರ್ಪಡಿಸಿ ಅದಕ್ಕೆ ಒಪ್ಪಿಸುತ್ತದೆ ಎಂಬ ಸಂಗತಿ ಮನಸ್ಸಿಗೆ ಇಳಿಯುವ ಹೊತ್ತಿಗೆ ಸಂಜೆಯಾಗಿತ್ತು.

ಮುಟ್ಟಿದರೆ ಅಡಿಯ ಬದಲು ನೀರಿನ ಸಂಗ್ರಹದ ಟಿಎಂಸಿ (ಶತಕೋಟಿ ಘನ ಅಡಿ) ಲೆಕ್ಕ ಕಾಣಬೇಕೆಂಬುದು ನನ್ನ ಆಸೆ. ಎರಡು ಮೂರು ಬಾರಿ ಮುಟ್ಟಿ ನೋಡಿದೆ, ಚೆನ್ನಾಗಿಯೇ ಬದಲಾಯಿತು. ಕಾಫಿ ಕುಡಿದು ಬಂದು ಮತ್ತೆ ಮುಟ್ಟಿದರೆ ಟಿಎಂಸಿ ಟಿಎಂಸಿಯಾಗಿಯೇ ಉಳಿಯಿತು. ಎರಡನೆಯ ಸಲ ಮುಟ್ಟಿದಾಗ ಸರಿಹೋಯಿತು. ಕಣ್ಣೆದುರಿದ್ದಷ್ಟು ಹೊತ್ತು ಸರಿಯಾಗಿದ್ದು, ಆಚೆ ಹೋಗಿ ಬಂದರೆ ಕೆಡುವ ದೋಷದಷ್ಟು ದಣಿಸುವುದು ಮತ್ತೊಂದಿಲ್ಲ. ಗ್ಲಾನ್ಸ್‌ನ ಸೆಷನ್, ಅಂದರೆ ವಿಜೆಟ್‌ನ ಕೋಡ್ ಎಚ್ಚರವಾಗಿರುವ ಅವಧಿ, ಒಂದು ನಿಮಿಷವೂ ಇರುವುದಿಲ್ಲ. ಅದು ಮುಗಿದೊಡನೆ ಕಂಪೋಸ್ ರೂಢಿಯಂತೆ ನಾನು ನೆನಪಿನಲ್ಲಿಟ್ಟದ್ದೆಲ್ಲ ಅಳಿಸಿಹೋಗುತ್ತಿತ್ತು. ಆಯ್ಕೆಯನ್ನು ಫೋನಿನಲ್ಲೇ ಮಾಹಿತಿ ಉಳಿಸಿಡುವ ಡೇಟಾಸ್ಟೋರ್‌ನಲ್ಲಿ ಬರೆದಿಟ್ಟ ಮೇಲೆ ಅದು ಅಳಿಯದೆ ಉಳಿಯಿತು. ಈ ಒಂದೇ ಕಾರಣ ಹುಡುಕಲು ಭಾನುವಾರದ ಬೆಳಗೆಲ್ಲ ಹೋಯಿತು. ಪರೀಕ್ಷೆಗೆಂದು ಅಪ್‌ಡೇಟ್ ಅವಧಿಯನ್ನು ಒಂದು ನಿಮಿಷಕ್ಕೆ ಇಳಿಸಿ ಕಾದದ್ದೂ ವ್ಯರ್ಥವೇ, ಏಕೆಂದರೆ ಎಷ್ಟೇ ಕಡಿಮೆ ಬರೆದರೂ ಆಂಡ್ರಾಯ್ಡ್ ಅದನ್ನು 30 ನಿಮಿಷಕ್ಕಿಂತ ಬೇಗ ನಡೆಸುವುದಿಲ್ಲ.

ಕೊನೆಗೆ ಕಾಡಿದ್ದು ನಮ್ಮ ಲಿಪಿ. ಸಾಲಿಗೆ ನಾನು ಕೊಟ್ಟ ಎತ್ತರ ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗಿತ್ತು. ‘ಕೃಷ್ಣರಾಜಸಾಗರ’ ಎಂದು ಬರೆದೊಡನೆ ‘ಷ್ಣ’ದ ಒತ್ತು ಅರ್ಧಕ್ಕೆ ಕತ್ತರಿಸಿಹೋಯಿತು. ಓದಲು ತೊಂದರೆಯಿರಲಿಲ್ಲ, ಆದರೂ ಅಪ್ಪನ ಕೈಗೆ ಅಂಥದ್ದನ್ನು ಕೊಡಲು ಮನಸ್ಸು ಒಪ್ಪಲಿಲ್ಲ. ಎತ್ತರದ ಮಿತಿ ತೆಗೆದುಹಾಕಿ, ಸಾಲು ತನಗೆ ಬೇಕಾದಷ್ಟು ಜಾಗ ತಾನೇ ಪಡೆಯುವಂತೆ ಬಿಟ್ಟೆ.

ಮುಂದಿನ ವಾರ ಊರಿಗೆ ಹೋಗಿ ಅಪ್ಪನ ಫೋನಿನಲ್ಲಿ ಅದನ್ನು ಕೂರಿಸಿದೆ. ಕನ್ನಡಕ ಹಾಕಿಕೊಳ್ಳದೆಯೇ ಅಡಿಯ ಲೆಕ್ಕವನ್ನು ಗಟ್ಟಿಯಾಗಿ ಓದಿದರು. ಸ್ವಲ್ಪ ಹೊತ್ತು ನೋಡುತ್ತಿದ್ದು, “ಒಳಹರಿವು ಎಷ್ಟು ಅನ್ನೋದೂ ಇದ್ರಲ್ಲೇ ಬರೋ ಹಂಗೆ ಮಾಡಪ್ಪ” ಎಂದರು.